ತೋಳಿನ ಅಳತೆ

ಹಿಂಡುವುದಕ್ಕೆ ಮನೆಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಹೊದಿಕೆಗಳಾಗಿದ್ದವು, ಕಿಟಕಿಯ ಪರದೆಗಳಾಗಿದ್ದವು, ಟವೆಲ್ಲುಗಳು ಎರಡೆರಡು ಸಲ ಆಗಿದ್ದವು. ಕೊನೆಗೆ ಬಾಗಿಲ ಬಳಿಯ ಕಾಲೊರೆಸುವ ಬಟ್ಟೆಯನ್ನೂ ಬಿಡದೆ ತಂದು ನೆನೆಸಿ, ದರ್ಜಿ ಅಂಗಡಿಯ ಕಟಿಂಗ್ ಮಾಸ್ಟರ್ ಆ ಭಾನುವಾರದ ಬೆಳಗ್ಗೆ ಬಚ್ಚಲಿನಲ್ಲಿ ಮೊಣಕಾಲೂರಿ ಅದರ ಕತ್ತು ಹಿಸುಕುತ್ತಿದ್ದ. ಮಣಿಕಟ್ಟು ಒಳಕ್ಕೆ ಮಡಿಸಬೇಕು, ಹೆಬ್ಬೆರಳು ಆಕಾಶ ನೋಡಬೇಕು. ನೀರು ಧಾರೆಯಾಗಿ ಸುರಿದು, ತೊಟ್ಟಾಗಿ, ಆಮೇಲೆ ತೊಟ್ಟೂ ನಿಂತು, ಇನ್ನು ಹಿಂಡಿದರೆ ನೂಲೇ ಅಳಬೇಕು ಎನ್ನುವ ಹಂತ ಬರುತ್ತದಲ್ಲ, ನಿಜವಾದ ಅಭ್ಯಾಸ ಅಲ್ಲಿಂದ ಶುರು ಎಂದು ಅವನ ಗುರುವಾದ ಡ್ರಿಲ್ ಮಾಸ್ಟರು ಹೇಳಿದ್ದರು. ಬಾಗಿಲ ಹೊರಗೆ ಹೆಂಡತಿ ನಿಂತಿದ್ದಳು. ಕೆಳಗಿನ ಸಂದಿಯಲ್ಲಿ ಅವಳ ಪಾದಗಳ ನೆರಳು ಕಾಣುತ್ತಿತ್ತು. ಒಂದು ಪಾದ ಇನ್ನೊಂದರ ಮೇಲೆ ಹತ್ತಿ ಯೋಚಿಸುತ್ತಿತ್ತು. ಮದುವೆಯಾದಾಗಿನಿಂದ ಒಂದು ಕರ್ಚೀಫೂ ಹಿಂಡದ ಗಂಡ ಎರಡು ತಿಂಗಳಿಂದ ಮನೆಯ ಬಟ್ಟೆಯನ್ನೆಲ್ಲ ಹಿಂಡುತ್ತಿದ್ದರೆ, ಹಿಟ್ಟು ನಾದುತ್ತಿದ್ದರೆ, ತೆರೆದಿದ್ದ ಡಬ್ಬಿಗಳನ್ನೂ ಮುಚ್ಚಿ ಮತ್ತೆ ತೆರೆಯುತ್ತಿದ್ದರೆ ಯಾವ ಹೆಂಗಸಿಗೆ ತಾನೇ ಗುಮಾನಿ ಬರುವುದಿಲ್ಲ? ಅವಳು ಅವನ ಜೇಬು ನೋಡಿದ್ದಳು, ಕಾಲರ್ ಮೂಸಿದ್ದಳು, ಅಕ್ಕನನ್ನು ಕೇಳಿದ್ದಳು. ಗಂಡಸರು ಇದ್ದಕ್ಕಿದ್ದಂತೆ ಮನೆಗೆಲಸಕ್ಕೆ ನಿಂತರೆ ಹೊರಗೆಲ್ಲೋ ಕೈ ಕೆಸರಾಗಿದೆ ಎಂದೇ ಅರ್ಥ ಎಂದು ಅಕ್ಕ ಹೇಳಿದ್ದಳಂತೆ.

"ರೀ, ಏನು ತಪ್ಪು ಮಾಡಿದೀರೋ ಹೇಳ್ಬಿಡಿ. ನಾನೇನೂ ಅನ್ನಲ್ಲ."

ಏನೂ ಇಲ್ಲ ಎಂದ. ಎರಡು ತಿಂಗಳಿಂದ ಅವನು ಇದೇ ಉತ್ತರ ಕೊಡುತ್ತಿದ್ದ, ಮತ್ತು ಅದು ನಿಜವೂ ಆಗಿತ್ತು. ಈ ಗುರುವಾರದಿಂದ ಮಾತ್ರ ಅದು ನಿಜವಾಗಿರಲಿಲ್ಲ. ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದರೂ ಈಗ ಬಾಯೊಳಗೆ ಗುಂಡಿ ಕಚ್ಚಿಕೊಂಡು ಮಾತಾಡಿದ ಹಾಗೆ ಕೇಳಿಸಿತು. ಸಂದಿಯ ನೆರಳು, ಹೊರಡುವ ಹೊತ್ತಾಯಿತು, ಅಮ್ಮ ಊಟಕ್ಕೆ ಕಾಯುತ್ತಾಳೆ ಎಂದು ಹೇಳಿ ಸರಿದುಹೋಯಿತು.

ಅತ್ತೆಯ ಮನೆಯ ಊಟದ ಮೇಜು ನೆನಪಾದರೆ ಅವನ ಬಲಗೈಯ ಹಿಂಭಾಗ ಈಗಲೂ ತಣ್ಣಗಾಗುತ್ತದೆ. ಎರಡು ತಿಂಗಳ ಹಿಂದಿನ ಮಾತು; ಅಂದು ಊಟ ಮುಗಿದಿತ್ತು, ಇನ್ನೂ ಯಾರೂ ಎದ್ದಿರಲಿಲ್ಲ. ಎದುರಿಗೆ ಷಡ್ಡಕ. ಷಡ್ಡಕ ಎಂಬ ಸಂಬಂಧವೇ ವಿಚಿತ್ರ. ರಕ್ತದ್ದಲ್ಲ, ಸ್ನೇಹದ್ದಲ್ಲ, ಆರಿಸಿಕೊಂಡದ್ದಂತೂ ಅಲ್ಲವೇ ಅಲ್ಲ. ಒಂದೇ ಥಾನಿನ ಬಟ್ಟೆ ಕೊಂಡ ಇಬ್ಬರು ಗಿರಾಕಿಗಳು ಬೀದಿಯಲ್ಲಿ ಎದುರಾದಂತೆ, ಯಾರಿಗೆ ಚೆನ್ನಾಗಿ ಒಪ್ಪಿದೆ ಎಂದು ಜೀವಮಾನವಿಡೀ ನೋಡಿಕೊಳ್ಳುತ್ತಿರಬೇಕು. ಹೆಂಡತಿಯ ಅಕ್ಕನ ಗಂಡನಾದ ಈ ಮನುಷ್ಯನಿಗೆ ಟೈರಿನ ಅಂಗಡಿ. ದಿನವಿಡೀ ಕಬ್ಬಿಣದ ಸಲಾಕೆ ಹಾಕಿ ರಿಮ್ಮಿನಿಂದ ಟೈರು ಕೀಳುತ್ತಾನೆ. ಮುಂಗೈ ನೋಡಿದರೆ ಮರದ ಬೇರು. ಅವನು ನಗುತ್ತಾ, ಕೈ ಕೊಡಿ ಮಾಸ್ಟ್ರೇ, ಎಂದ. ಯಾವುದೋ ಒಳ್ಳೆಯ ಸುದ್ದಿ ಇರಬೇಕು, ಕೈ ಕುಲುಕುತ್ತಾನೆ ಎಂದುಕೊಂಡು ಮಾಸ್ಟರ್ ಕೊಟ್ಟ. ಮೊಣಕೈ ಮೇಜಿಗೆ ತಾಗಿದ್ದು ಗೊತ್ತು. ಆಮೇಲೆ ಗೊತ್ತಾದದ್ದು ಮೊಸರಿನ ಬಟ್ಟಲೊಳಗಿನ ತಂಪು. ಪಂಜ ಕುಸ್ತಿ ಎಂದರೆ ಇಷ್ಟೇ, ಕೈಗೆ ಕೈ ಕೊಟ್ಟು ಕೆಡವುವುದು. ಆದರೆ ಇದು ಪಂಜ ಕುಸ್ತಿ ಎಂದು ಮೊದಲೇ ಹೇಳಬೇಡವೇ? ಮೊಸರು ಅತ್ತೆಯ ಕನ್ನಡಕಕ್ಕೂ ಹಾರಿತ್ತು. ಎಲ್ಲರೂ ನಕ್ಕರು, ನಗಲಿ, ಅದು ನಗುವಂಥದ್ದೇ. ಆದರೆ ಅವನ ಹೆಂಡತಿ, ತಲೆ ಹಿಂದಕ್ಕೆ ಚೆಲ್ಲಿ, ಅಂಗೈಯಿಂದ ಮೇಜು ಬಡಿಯುತ್ತಾ, ಉಸಿರು ಸಿಗದೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಇಷ್ಟು ವರ್ಷದ ಸಂಸಾರದಲ್ಲಿ ಆ ನಗುವನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ಅವಳನ್ನು ನಗಿಸಲು ಎಷ್ಟು ಹೆಣಗಿದ್ದ. ಗಿರಾಕಿಗಳನ್ನು ಅಣಕಿಸಿ ತೋರಿಸಿದ್ದ, ತಮಾಷೆಗಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅವಳು ಮುಗುಳ್ನಕ್ಕು, ಊಟಕ್ಕೆ ಏಳಿ ಎನ್ನುತ್ತಿದ್ದಳು. ಆ ನಗು ಅವಳಲ್ಲಿ ಇಷ್ಟು ದಿನ ಇತ್ತು, ಅದನ್ನು ಹೊರಗೆ ತೆಗೆದವನು ಷಡ್ಡಕ, ತೆಗೆದದ್ದು ತನ್ನ ಕೈಯನ್ನು ಮೊಸರಿಗೆ ಅದ್ದಿ. ಅವನಿಗೆ ಇದನ್ನು ಸಹಿಸಿಕೊಳ್ಳಲಾಗಲಿಲ್ಲ. ಅದೇ ಮೇಜಿನ ಮೇಲೆ, ಅದೇ ಜನರೆದುರು, ಷಡ್ಡಕನ ಕೈ ಕೆಡವಬೇಕು. ಅವಳ ನಗು ಬಾಯಿಯಲ್ಲೇ ನಿಲ್ಲಬೇಕು. ಆ ದಿನ ಇವತ್ತು ಎಂದು ನಿಶ್ಚಯಿಸಿಕೊಂಡಿದ್ದ.

ಕಾಲೊರೆಸುವ ಬಟ್ಟೆಯನ್ನು ತಂತಿಗೆ ಹಾಕುವಾಗ ಅದು ಇಸ್ತ್ರಿ ಮಾಡಿದಷ್ಟು ಒಣಗಿತ್ತು. ಡ್ರಿಲ್ ಮಾಸ್ಟರು ನೋಡಿದ್ದರೆ ಸಂತೋಷಪಡುತ್ತಿದ್ದರು. ಅವರು ಶಾಲೆಯಿಂದ ನಿವೃತ್ತರಾದ ಮೇಲೆ ಅವರ ಸೊಂಟಕ್ಕೆ ನಿವೃತ್ತಿ ಸಿಗದೆ ಬೆಳೆಯುತ್ತಲೇ ಇತ್ತು. ಪ್ಯಾಂಟು ಸಡಿಲಿಸಿಕೊಳ್ಳಲು ಆಗಾಗ ಅಂಗಡಿಗೆ ಬರುತ್ತಿದ್ದರು. ತಮ್ಮ ಕಾಲದಲ್ಲಿ ಪಂಜ ಕುಸ್ತಿಯಲ್ಲಿ ಅವರನ್ನು ಮೀರಿಸಿದವರಿರಲಿಲ್ಲ ಎನ್ನುವುದು ಅವರೇ ಹೇಳಿದ ಮಾತು. ಭುಜ ನೋವೆಂದು ಒಂದು ದಿನವೂ ಕೈ ಕೊಡಲಿಲ್ಲ, ಪಾಠವೆಲ್ಲ ಬಾಯಲ್ಲೇ. ಮಾಸ್ಟರ್ ನೆಲಕ್ಕೆ ಕೂತು ಅವರ ಪ್ಯಾಂಟಿನ ಅಂಚಿಗೆ ಪಿನ್ನು ಚುಚ್ಚುತ್ತಿದ್ದರೆ ಅವರು ಸ್ಟೂಲಿನ ಮೇಲೆ ನಿಂತು ಮೇಲಿನಿಂದ ವಿದ್ಯೆ ಸುರಿಯುತ್ತಿದ್ದರು. ಕೆಳಕ್ಕೆ ಒತ್ತುವವನು ಮೂರ್ಖ. ಮೊದಲು ನಿನ್ನ ಕಡೆಗೆ ಎಳೆ. ಎಳೆದರೆ ಅವನ ಬೆರಳು ತೆರೆಯುತ್ತವೆ, ತೆರೆದ ಬೆರಳ ಮೇಲೆ ನಿನ್ನ ಬೆರಳು ಮೆಟ್ಟಿಲು ಹತ್ತಿದಂತೆ ಹತ್ತಬೇಕು; ಅವನ ಮಣಿಕಟ್ಟು ಹಿಂದಕ್ಕೆ ಬಾಗಿತೋ, ಆಮೇಲೆ ಅವನ ತೋಳಲ್ಲಿ ಎಷ್ಟೇ ಬಲವಿದ್ದರೂ ಅದು ಬೀಗ ಹಾಕಿದ ಮನೆಯೊಳಗಿನ ಭಂಡಾರ. ಮೊಣಕೈ ಪಕ್ಕೆಗೆ ಹತ್ತಿರವಿರಲಿ. ಹೊಟ್ಟೆ ಮೇಜಿಗೆ ಅಂಟಿರಲಿ. ಕೆಡವುವಾಗ ಕೈ ಒಂದೇ ಹೋಗಬಾರದು, ಬಾಗಿಲು ತಿರುಗಿದಂತೆ ಇಡೀ ಮೈ ತಿರುಗಬೇಕು. ಮತ್ತೆ, ಏನೇ ಆದರೂ ಮುಖ ಆಚೆ ತಿರುಗಿಸಿ ಒತ್ತಬೇಡ, ಕಣ್ಣು ನಿನ್ನ ಕೈಯ ಮೇಲೇ ಇರಲಿ. ಹಾಗೆ ಒತ್ತಿದವನೊಬ್ಬನ ತೋಳಿನ ಮೂಳೆ ಟಪ್ಪೆಂದು ಮುರಿದದ್ದನ್ನು ನಾನು ಈ ಕಿವಿಯಾರೆ ಕೇಳಿದ್ದೇನೆ.

"ಕೈಲಿ ಶಕ್ತಿ ಇರಲ್ಲ ಮಾಸ್ಟ್ರೇ. ಶಕ್ತಿ ಇರೋದು ಸೊಂಟದಲ್ಲಿ. ಕೈ ಬರೀ ಪೋಸ್ಟ್‌ಮ್ಯಾನು."

ಹಾಗಿದ್ದರೆ ಇವರ ಬಳಿ ಅಪಾರ ಶಕ್ತಿ ಇರಬೇಕು ಎಂದು ಮಾಸ್ಟರ್ ಟೇಪು ಹಿಡಿದು ಯೋಚಿಸಿದ್ದ. ಆದರೆ ಅಕ್ಷರ ತಪ್ಪದೆ ಪಾಲಿಸಿದ. ಸುತ್ತಿಗೆಯ ಹಿಡಿಯ ತುದಿ ಹಿಡಿದು ಮಣಿಕಟ್ಟಿನಲ್ಲಷ್ಟೇ ಎತ್ತಿದ. ಇಸ್ತ್ರಿಪೆಟ್ಟಿಗೆಯ ಹಿಡಿಕೆಗೆ ಚಿಂದಿ ಸುತ್ತಿ ದಪ್ಪ ಮಾಡಿ, ಬೆರಳು ಪೂರ್ತಿ ಕೂಡದ ಹಾಗೆ ಹಿಡಿದು ನಿಂತ. ಊಟದ ಹೊತ್ತಿನಲ್ಲಿ ಅಂಗಡಿಯ ಬಾಗಿಲು ಓರೆ ಮಾಡಿ, ಕಟಿಂಗ್ ಮೇಜಿನ ಅಂಚಿಗೆ ಹೊಟ್ಟೆ ಒತ್ತಿ, ಕಂಬಕ್ಕೆ ಕಟ್ಟಿದ ಟವೆಲ್ಲನ್ನು ತನ್ನ ಕಡೆಗೆ ಎಳೆದೆಳೆದು ಸೋಲಿಸಿದ. ಕೆಲಸದ ಮೇಲೆ ಪರಿಣಾಮ ಆಗದೆ ಹೋಗುತ್ತದೆಯೇ? ಗುರುತು ಹಾಕುವ ಚಾಕ್‌ಪೀಸುಗಳು ಬೆರಳಲ್ಲಿ ಪುಡಿಯಾದವು. ಹೊಸ ಪ್ಯಾಂಟಿನ ಖುಷಿಗೆ ಕೈ ಕುಲುಕಿದ ಸಾಧು ಗುಮಾಸ್ತನೊಬ್ಬ ಬೆಂಚಿನ ಮೇಲೆ ಕೂತು ನೀರು ಕೇಳಿದ. ಯಾರನ್ನು ನೋಡಿದರೂ ಮೊದಲು ಮಣಿಕಟ್ಟು ಕಾಣುತ್ತಿತ್ತು. ಇವನನ್ನು ಮೇಲಿನಿಂದ ಹತ್ತಬಹುದು, ಇವನನ್ನು ಒಳಗೆ ಮಡಿಸಿ ಹಿಡಿಯಬೇಕು, ಈ ಮುದುಕಿಯ ಹಿಡಿತ ಪರವಾಗಿಲ್ಲ. ಐವತ್ತು ದಾಟಿದವನು ಇಷ್ಟು ಸಂತೋಷವಾಗಿ ಇರುವುದು ಸರಿಯೇ ಎಂದು ಅನುಮಾನ ಬರುವಷ್ಟು ಸಂತೋಷವಾಗಿದ್ದ.

ಅಷ್ಟರಲ್ಲಿ ಒಂದು ದಿನ, ಹೀಗೇ ಹೋಗುತ್ತಿದ್ದವನಂತೆ, ಟೈರಿನ ಅಂಗಡಿಯ ಮುಂದೆ ಹಾದ. ಷಡ್ಡಕ ಒಂದು ದೊಡ್ಡ ಲಾರಿಯ ಟೈರಿಗೆ ಸಲಾಕೆ ಹಾಕಿ ಬಾಗಿದ್ದ. ಒಂದು ಬಿಗಿತ, ಒಂದು ತಿರುವು. ಟೈರು ಬಾಳೆಹಣ್ಣಿನ ಸಿಪ್ಪೆಯಂತೆ ಕಳಚಿ ಬಂತು. ಅಯ್ಯೋ, ಇವನೂ ಮೊದಲು ತನ್ನ ಕಡೆಗೇ ಎಳೆಯುತ್ತಾನೆ! ಡ್ರಿಲ್ ಮಾಸ್ಟರು ಬಾಯಲ್ಲಿ ಹೇಳಿದ ವಿದ್ಯೆಯನ್ನು ಇವನ ತೋಳು ಯಾರೂ ಹೇಳಿಕೊಡದೆ ದಿನವೂ ಮಾಡುತ್ತಿತ್ತು. ಮಾಸ್ಟರನ ಎರಡು ತಿಂಗಳ ಹಿಂಡುವಿಕೆ ಅಲ್ಲೇ ಇಂಗಿಹೋಯಿತು. ಷಡ್ಡಕ ಕೈ ಒರೆಸಿಕೊಂಡು ಬಂದು, ಟೀ ತರಿಸಿ, ಬೆಂಚಿನ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡ. ತನಗೆ ಯಾರೂ ಅಳತೆ ತೆಗೆದು ಅಂಗಿ ಹೊಲಿದವರಿಲ್ಲ, ರೆಡಿಮೇಡಿನಲ್ಲಿ ತೋಳು ಎಲ್ಲೋ ಹೆಗಲು ಎಲ್ಲೋ ಎಂದು ಮಾತಿನ ನಡುವೆ ಹೇಳಿದ. ನಾನು ಹೊಲಿದುಕೊಡುತ್ತೇನೆ ಎಂದು ಮಾಸ್ಟರ್ ಹೇಳಿದ್ದು ಒಳ್ಳೆಯತನದಿಂದಲೋ ಅಥವಾ ಆಗಲೇ ಬೇರೆ ಲೆಕ್ಕವಿತ್ತೋ ಎಂದು ಈಗ ಯೋಚಿಸಿದರೆ ಅವನಿಗೇ ತಿಳಿಯುವುದಿಲ್ಲ. ಕೊರಳಲ್ಲಿದ್ದ ಟೇಪು ಇಳಿಸಿ ಅಲ್ಲೇ ಅಳತೆ ತೆಗೆದ. ತೋಳು ಎತ್ತಿ ಎಂದಾಗ ಷಡ್ಡಕ ಮಗುವಿನಂತೆ ಎತ್ತಿದ, ಕಚಗುಳಿಯಾಗಿ ನಕ್ಕ.

ಅಂಗಡಿಗೆ ಬಂದು ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಚಾಕ್‌ಪೀಸು ಹಿಡಿದ. ಎಡತೋಳಿನ ಕಂಕುಳ ಸುತ್ತಳತೆಗೆ ಗೆರೆ ಎಳೆದ, ಸರಿಯಾಗಿ. ಬಲಗಡೆ ಗೆರೆ ಒಂದು ಬೆರಳು ಒಳಗೆ ಬಂತು. ತಾನಾಗಿ ಬಂತು ಎಂದು ಹೇಳಿಕೊಳ್ಳಬಹುದು, ಆದರೆ ಗೆರೆಗಳು ತಾವಾಗಿ ಬರುವುದಿಲ್ಲ ಎಂದು ಜೀವನವಿಡೀ ಗೆರೆ ಎಳೆದವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎಡತೋಳು ದೇವರಿಗೆ, ಬಲತೋಳು ಷಡ್ಡಕನಿಗೆ. ಸ್ವಲ್ಪ ಕಂಕುಳಲ್ಲಿ ಹಿಡಿಯುತ್ತದೆ, ಒತ್ತುವಾಗ ಭುಜ ಪೂರ್ತಿ ಬರುವುದಿಲ್ಲ, ಅಷ್ಟೇ ತಾನೇ. ಬಿಗಿ ಅಂಗಿ ತೊಟ್ಟು ಸತ್ತವರುಂಟೇ? ಅವನ ಅಂಗಿಯ ಬಗ್ಗೆ ಗಿರಾಕಿಗಳು ಹೇಳುವ ಒಂದೇ ಮಾತು, ಮೈಮೇಲಿದೆಯೆಂದೇ ಗೊತ್ತಾಗುವುದಿಲ್ಲ ಎನ್ನುವುದು. ಕತ್ತರಿ ಕಚಕಚನೆ ಆ ಗೆರೆಯ ಮೇಲೆ ನಡೆಯಿತು. ಅಭ್ಯಾಸದಿಂದ ಗಟ್ಟಿಯಾದ ಕೈಗೆ ಅದು ಹಗುರವಾಗಿತ್ತು.

ಅತ್ತೆಯ ಮನೆಯಲ್ಲಿ ಷಡ್ಡಕ ಬಾಗಿಲಲ್ಲೇ ನಿಂತಿದ್ದ, ಅದೇ ಅಂಗಿಯಲ್ಲಿ. ತಿಳಿನೀಲಿ, ಸಣ್ಣ ಗೆರೆ, ಕಾಲರ್ ಕೂತಿದ್ದ ರೀತಿ ನೋಡಿ ಮಾಸ್ಟರನಿಗೆ ತನ್ನ ಮೇಲೇ ಹೆಮ್ಮೆ ಬಂದು, ಮರುಕ್ಷಣ ಆ ಹೆಮ್ಮೆಯ ಮೇಲೆ ಹೇಸಿಗೆ ಬಂತು. ಗುರುವಾರ ಕೊಟ್ಟಾಗಿನಿಂದ ಮೈಯಿಂದ ಇಳಿಸಿಲ್ಲ, ಸಂಜೆ ಒಗೆಸಿ ಬೆಳಗ್ಗೆ ಹಾಕಿಕೊಳ್ಳುತ್ತಾರೆ ಎಂದು ಹೆಂಡತಿಯ ಅಕ್ಕ ದೂರಿದಳು. ಷಡ್ಡಕ ಅತ್ತೆಗೆ ಗುಂಡಿಯ ಕಾಜ ತೋರಿಸಿದ, ಮಕ್ಕಳಿಗೆ ಜೇಬು ತೋರಿಸಿದ. ನನ್ನ ಷಡ್ಡಕ ಹೊಲಿದದ್ದು, ಕೇಳದೆ ಹೊಲಿದದ್ದು ಎಂದ. ಆದರೆ ಎಂದಿನ ಗದ್ದಲವಿರಲಿಲ್ಲ. ಊಟದ ನಡುವೆ ಚಮಚವನ್ನು ಎಡಗೈಗೆ ಬದಲಾಯಿಸಿದ. ಅದನ್ನು ನೋಡಿದವನು ಮಾಸ್ಟರ್ ಒಬ್ಬನೇ, ಏಕೆಂದರೆ ಅವನು ಬೇರೇನನ್ನೂ ನೋಡುತ್ತಿರಲಿಲ್ಲ. ಕೈ ತೊಳೆಯಲು ಎದ್ದಾಗ ಷಡ್ಡಕ ಹಿಂದೆಯೇ ಬಂದು, ನಲ್ಲಿ ಜೋರಾಗಿ ಬಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಮಾತಾಡಿದ.

"ಮಾಸ್ಟ್ರೇ, ಯಾರಿಗೂ ಹೇಳ್ಬೇಡಿ. ಮೂರು ದಿನದಿಂದ ಬಲಗೈ ಜೋಮು ಹಿಡೀತಿದೆ. ಬೆರಳ ತುದಿವರೆಗೂ. ನಮ್ಮಪ್ಪ ಲಕ್ವ ಹೊಡೆದು ಹೋದ್ರಲ್ಲ, ಅವರಿಗೂ ಹೀಗೇ ಶುರುವಾಗಿದ್ದು."

ಡಾಕ್ಟರಿಗೆ ತೋರಿಸಿದ್ರಾ ಎಂದು ಕೇಳಿದ. ಕೇಳಿದ ದನಿ ಬೇರೆ ಯಾರದೋ ಆಗಿತ್ತು.

"ಹೋಗೋಕೆ ಭಯ. ಹೌದು ಅಂದ್ಬಿಟ್ರೆ? ನೋಡಿ, ನನಗೇನಾದ್ರೂ ಆದ್ರೆ ಇವಳನ್ನ, ಮಕ್ಕಳನ್ನ ನೀವೇ ಸ್ವಲ್ಪ ನೋಡ್ಕೋಬೇಕು. ನಿಮ್ಮನ್ನ ಬಿಟ್ರೆ ನನಗೆ ಯಾರಿದಾರೆ?"

ಮಾಸ್ಟರನಿಗೆ ಬಂದ ಮೊದಲ ಯೋಚನೆ, ನೆನೆಸಿಕೊಳ್ಳಲೂ ನಾಚಿಕೆಯಾಗುವಂಥದ್ದು: ಹಾಗಾದರೆ ಇವತ್ತು ಗೆದ್ದೆ. ಆಮೇಲೆ ಕಣ್ಣು ಆ ಬಲತೋಳಿನ ಮೇಲೆ ಬಿತ್ತು. ಅಂಗಿ ಎಂಬ ಒಂದೇ ಒಂದು ಮಾತು ಹೇಳಿದರೆ ಸಾಕು, ಈ ಮನುಷ್ಯನ ತಲೆಯ ಮೇಲಿನ ಸಾವು ಇಳಿದುಹೋಗುತ್ತದೆ. ಆದರೆ ಆ ಮಾತಿನ ಬೆನ್ನಿಗೆ, ನನಗೆ ಕೆಲಸ ಬರುವುದಿಲ್ಲ ಎಂದಾದರೂ ಹೇಳಬೇಕು, ನಾನು ಕೆಟ್ಟವನು ಎಂದಾದರೂ ಹೇಳಬೇಕು. ಮೂರನೆಯದು ಎಷ್ಟು ಹುಡುಕಿದರೂ ಸಿಗಲಿಲ್ಲ. ಅವನು ಷಡ್ಡಕನ ಬೆನ್ನು ತಟ್ಟಿದ. ಏನೂ ಆಗಲ್ಲ ಬಿಡಿ ಎಂದ. ಬೆನ್ನಿನ ಹೊಲಿಗೆ ನೇರವಾಗಿತ್ತು.

ಮೇಜಿನ ಬಳಿ ಪಂಜದ ಮಾತೆತ್ತಿದವಳು ಅವನ ಹೆಂಡತಿಯೇ. ಇಬ್ಬರೂ ಹಿಂದಿರುಗುವಷ್ಟರಲ್ಲಿ ಅವಳು ಬಟ್ಟಲುಗಳನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ಕಣ್ಣಂಚಿನಲ್ಲಿ ಆಗಲೇ ಆ ನಗು ಹೊಂಚುಹಾಕಿತ್ತು. "ಭಾವ, ಇನ್ನೊಂದು ಸಲ ಆಗ್ಲಿ. ಮೊಸರು ನಾನು ಎತ್ತಿಟ್ಟಿದೀನಿ." ಷಡ್ಡಕ ಬೇಡವೆಂದ, ಊಟ ಭಾರವಾಗಿದೆ ಎಂದ. ಹೆದರಿದ್ರಾ ಭಾವ ಎಂದು ಅವಳು ಕೇಳಿದ ಮೇಲೆ ಕೂತ. ಮಾಸ್ಟರನ ಕಾಲು ತಾನಾಗಿ ಮುಂದೆ ಬಂತು, ಹೊಟ್ಟೆ ಮೇಜಿಗೆ ಅಂಟಿತು, ಹೆಬ್ಬೆರಳು ಆಕಾಶ ನೋಡಿತು. ಕಣ್ಣು ಮಾತ್ರ ಕೈ ಬಿಟ್ಟು ಎದುರಿನ ಮುಖಕ್ಕೆ ಹೋಯಿತು. ಅಂಗೈಗೆ ಅಂಗೈ ಸೇರಿದಾಗ ಷಡ್ಡಕನ ಕೈ ತಣ್ಣಗೆ ಬೆವೆತಿತ್ತು. ಹಣೆಯ ಮೇಲೂ ಬೆವರು. ಅತ್ತೆ ಹೂಂ ಎಂದಳು. ಮಾಸ್ಟರ್ ತನ್ನ ಕಡೆಗೆ ಎಳೆದ; ಬೆರಳುಗಳು ತೆರೆದವು; ಅವನ ಬೆರಳು ಮೇಲೆ ಹತ್ತಿದವು; ಬೇರಿನಂಥ ಆ ಮಣಿಕಟ್ಟು ಹಿಂದಕ್ಕೆ ಬಾಗತೊಡಗಿತು. ಹೆಂಡತಿಯ ಬಾಯಿ ಅರೆತೆರೆದು ಹಾಗೇ ನಿಂತಿತ್ತು, ನಗು ನಿಂತುಹೋಗಿತ್ತು, ಅವನು ಬಯಸಿದ್ದು ಅಕ್ಷರಶಃ ಅದನ್ನೇ. ಷಡ್ಡಕ ತನ್ನ ಕೈಯನ್ನು ನೋಡುತ್ತಿದ್ದ, ಅದು ತನ್ನದಲ್ಲವೆಂಬಂತೆ, ಸೋಲುವವನು ನೋಡುವ ಹಾಗಲ್ಲ, ಹೊರಟವನು ನೋಡುವ ಹಾಗೆ.

"ಅಂಗಿ ಬಿಚ್ಚಿ," ಎಂದ ಮಾಸ್ಟರ್.

ಯಾರಿಗೂ ಅರ್ಥವಾಗಲಿಲ್ಲ. ಅವನು ಹಿಡಿತ ಬಿಟ್ಟು ತಾನೇ ಎದ್ದು ಹೋಗಿ ಷಡ್ಡಕನ ಅಂಗಿಯ ಗುಂಡಿಗಳಿಗೆ ಕೈ ಹಾಕಿದ. "ಕೈಗೇನೂ ಆಗಿಲ್ಲ. ತೋಳು ಬಿಗಿ. ಕಂಕುಳ ಹತ್ರ ಕಟ್ಟಿ ಹಾಕಿದೆ, ಅದಕ್ಕೇ ಜೋಮು. ಅಳತೆ ತಪ್ಪಿದೆ."

ಅಂಗಿ ಇಳಿದಾಗ ಬನಿಯನ್ನಿನ ಬದಿಯಲ್ಲಿ, ಬಲಗಂಕುಳ ಸುತ್ತ, ಕೆಂಪು ಗೆರೆ ಬಳೆಯಂತೆ ಮೂಡಿತ್ತು. ಷಡ್ಡಕ ತೋಳು ಒಂದು ಸುತ್ತು ತಿರುಗಿಸಿದ. ಬೆರಳು ಮಡಿಸಿದ, ಬಿಡಿಸಿದ. ಮತ್ತೆ ತಿರುಗಿಸಿದ. ಆಮೇಲೆ ಅವನ ಮುಖದಲ್ಲಿ ಆದದ್ದನ್ನು ಮಾಸ್ಟರನಿಗೆ ನೋಡಲಾಗಲಿಲ್ಲ. ಸಾಯಲ್ಲ ಕಣೇ ನಾನು ಎಂದು ತನ್ನ ಹೆಂಡತಿಯ ಭುಜ ಹಿಡಿದು ಅಲುಗಾಡಿಸಿದ. ಏನು ಹೇಳುತ್ತಿದ್ದಾನೆಂದು ಅವಳಿಗೆ ತಿಳಿದು ಅಳು ಬರುವಷ್ಟರಲ್ಲಿ ಅವನು ನಗುತ್ತಿದ್ದ. ಅವನು ನಕ್ಕದ್ದಕ್ಕೆ ಎಲ್ಲರೂ ನಕ್ಕರು. ನಗುವಿಗೆ ಒಂದು ಗುರಿ ಬೇಕಲ್ಲ, ಅದು ಮಾಸ್ಟರನ ಕಡೆ ತಿರುಗಿತು. ಅಂಗಿ ಕೈಯಿಂದ ಕೈಗೆ ಹೋಯಿತು. ಒಂದು ತೋಳಿಗೆ ಬಟ್ಟೆ ಸಾಲಲಿಲ್ಲವೇ ಎಂದು ಒಬ್ಬರು ಕೇಳಿದರು. ಕನ್ನಡಕ ಬದಲಾಯಿಸುವ ಕಾಲ ಬಂತು ಎಂದು ಇನ್ನೊಬ್ಬರು. ಅತ್ತೆ ಮಾತ್ರ ಮರುಕದಿಂದ ಹೇಳಿದಳು, "ಊರಿಗೆಲ್ಲಾ ಹೊಲಿಯೋರು, ಮನೆಯೋರಿಗೆ ಹೊಲಿಯುವಾಗ ಕೈ ತಪ್ಪಿತಲ್ಲಪ್ಪಾ." ಅವನ ಜೀವಮಾನದಲ್ಲಿ ಇಂಥ ಮಾತು ಯಾರೂ ಆಡಿರಲಿಲ್ಲ. ಇಲ್ಲ, ಕೈ ತಪ್ಪಿಲ್ಲ, ನೂಲಿನಷ್ಟೂ ತಪ್ಪಿಲ್ಲ, ಬೇಕೆಂದೇ ಮಾಡಿದೆ ಎಂದು ಕೂಗಿ ತನ್ನ ಕಸುಬಿನ ಮಾನ ಕಾಪಾಡಿಕೊಳ್ಳಬೇಕೆಂದು ಗಂಟಲವರೆಗೆ ಬಂತು. ನುಂಗಿಕೊಂಡು, ವಯಸ್ಸಾಯಿತು ಎಂದ.

ಆ ಗದ್ದಲದಲ್ಲೇ ಷಡ್ಡಕ ಅವನನ್ನು ಎಳೆದು ಕೂರಿಸಿ, ಬನ್ನಿ, ಈಗ ಕೈ ಸರಿಯಾಗಿದೆ, ಈಗ ಕೊಡಿ ಎಂದ. ಮಾಸ್ಟರ್ ಬೇಡವೆನ್ನುವಷ್ಟರಲ್ಲಿ ಕೈ ಸೇರಿತ್ತು. ಈಗ ಅದು ಬಿಸಿಯಾದ ಕೈ, ಟೈರು ಕೀಳುವ ಕೈ, ಬಂದ ವೇಗಕ್ಕೆ ಅವನ ತೋಳು ಅರ್ಧಕ್ಕೆ ಮಲಗಿಬಿಟ್ಟಿತು. ಅವನು ಏನನ್ನೂ ಯೋಚಿಸಲಿಲ್ಲ. ಕಣ್ಣು ತನ್ನ ಕೈಯ ಮೇಲೆ ಕೂತಿತು. ತನ್ನ ಕಡೆಗೆ ಎಳೆದ, ಹತ್ತಿದ, ಇನ್ನೂ ಎಳೆದ. ಯಾವಾಗಲೋ ಎದುರಿನ ಮಣಿಕಟ್ಟು ಬಿಚ್ಚಿಕೊಂಡಿತು, ಸೊಂಟದಿಂದ ಏನೋ ಎದ್ದು ಬಂತು, ಇಡೀ ಮೈ ಬಾಗಿಲಿನಂತೆ ತಿರುಗಿತು. ಷಡ್ಡಕನ ಮುಂಗೈ ಮೇಜಿಗೆ ಬಡಿದ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಅರೆ, ಹೌದಲ್ಲ ಎಂದ ಷಡ್ಡಕ, ಬದುಕಿರುವುದರ ಮುಂದೆ ಇದೇನು ಎಂಬಂತೆ ನಕ್ಕು, ಇನ್ನೊಂದು ಬಾಳೆಹಣ್ಣು ತೆಗೆದುಕೊಂಡ. ಮಾಸ್ಟರ್ ತಲೆ ಎತ್ತಿ ಸುತ್ತ ನೋಡಿದ. ಯಾರೂ ನೋಡಿರಲಿಲ್ಲ. ಎಲ್ಲರೂ ಅಂಗಿಯ ಹಿಂದೆ ಬಿದ್ದಿದ್ದರು. ಅಂಗಿ ಆಗ ಅವನ ಹೆಂಡತಿಯ ಕೈಯಲ್ಲಿತ್ತು. ಎಲ್ಲರೂ ನಗುತ್ತಿದ್ದರು, ಅವಳೊಬ್ಬಳು ನಗುತ್ತಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಒಳಹೊರಗು ಮಾಡಿ, ಒಂದು ತೋಳಿನ ಮೇಲೆ ಇನ್ನೊಂದು ತೋಳನ್ನು ಮಡಿಸಿಟ್ಟು, ಬೆರಳಿನಿಂದ ಹೊಲಿಗೆಯ ಗುಂಟ ಹೋಗುತ್ತಿದ್ದಳು. ಆಮೇಲೆ ಅಂಗಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಮನೆಗೆ ನಡೆದು ಬರುವಾಗ ಬೀದಿಯಲ್ಲಿ ಮಧ್ಯಾಹ್ನದ ಬಿಸಿಲಿತ್ತು, ಅಂಗಡಿಗಳೆಲ್ಲ ಮುಚ್ಚಿದ್ದವು. ಅವಳು ಒಂದು ಹೆಜ್ಜೆ ಮುಂದಿದ್ದಳು.

"ಬಲಗಡೆ ಮಾತ್ರ," ಎಂದಳು.

"ಹೂಂ."

"ನಿಮ್ಮ ಕೈಯಲ್ಲಿ ಅಳತೆ ತಪ್ಪಲ್ಲ."

ಕಸುಬಿಗೆ ಸಿಕ್ಕಿದ ಆ ಮಾನವನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಅವಳ ಹಿಂದೆ ನಡೆದ. ಮೂಲೆ ತಿರುಗುವಲ್ಲಿ ಎಲ್ಲವನ್ನೂ ಹೇಳಿದ. ಹೊದಿಕೆ ಹಿಂಡಿದ್ದು ಯಾಕೆ, ಸುತ್ತಿಗೆ ಎತ್ತಿದ್ದು ಯಾಕೆ, ಡ್ರಿಲ್ ಮಾಸ್ಟರು, ಟೈರು, ಗೆರೆ. ಕೊನೆಗೆ, "ಆವತ್ತು ನೀನು ನಕ್ಕೆ," ಎಂದ.

ಅವಳು ನಿಂತಳು. "ಅದಕ್ಕೆ?"

"ಅದಕ್ಕೆ."

ಹೇಳಿದ ಮೇಲೆ ಅದೆಷ್ಟು ನಗೆಪಾಟಲು ಎಂದು ಅವನಿಗೇ ಕೇಳಿಸಿತು. ತಲೆ ನರೆತ ಗಂಡಸು, ಬಚ್ಚಲಲ್ಲಿ ಕಾಲೊರೆಸುವ ಬಟ್ಟೆಯೊಂದಿಗೆ ಕುಸ್ತಿ. ಯಾರಾದರೂ ನಗಬೇಕು. ಅವಳು ಈಗ ತಲೆ ಹಿಂದಕ್ಕೆ ಚೆಲ್ಲಿ, 'ಅಯ್ಯೋ ಹುಚ್ಚಪ್ಪಾ' ಎಂದು ಬೀದಿಯಲ್ಲಿ ಎಲ್ಲರೂ ತಿರುಗಿ ನೋಡುವಂತೆ ನಕ್ಕುಬಿಡುತ್ತಾಳೆ, ಇನ್ನೇನು ನಕ್ಕಳು ಎಂದು ಅವನು ಅವಳ ಬಾಯಿಯ ಅಂಚನ್ನೇ ನೋಡುತ್ತಾ ನಿಂತ. ಬರಲಿ, ಎಷ್ಟು ಜೋರಾಗಿ ಬೇಕಾದರೂ ಬರಲಿ.

"ಭಾವ ಮೂರು ರಾತ್ರಿ ಕೂತೇ ಇದ್ರಂತೆ," ಎಂದಳು. "ಮಲಗಿದ್ರೆ ಏಳ್ತೀನೋ ಇಲ್ವೋ ಅಂತ. ಯಾಕೆ ಅಂತ ಅಕ್ಕನಿಗೂ ಇವತ್ತೇ ಗೊತ್ತಾಗಿದ್ದು."

ಮತ್ತೆ ನಡೆಯತೊಡಗಿದಳು. ಅವನು ಹಿಂದೆಯೇ ಹೋದ. ಒಂದು ಸಲ ನಗು ಎಂದು ಕೇಳುವುದಕ್ಕೆ ಅವನಿಗೆ ಬಾಯಿ ಬರಲಿಲ್ಲ.